ನಮ್ಮ ಎಲೆ ಉದುರುವ ಕಾಲ ಅವರೆಕಾಯಿ ಜೊತೆ ಬರುತ್ತದೆ

ಮಾನ್ಯ ಸಂಪಾದಕರೇ,

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಅಮೆರಿಕದ ಮಗನ ಮನೆಗೆ ಅಕ್ಟೋಬರಿನಲ್ಲಿ ಹೋಗಿ ಬಂದದ್ದನ್ನು ಬರೆದಿದ್ದರು. ಅಲ್ಲಿನ ಮೇಪಲ್ ಮರಗಳು ಕೆಂಪಾಗುವುದನ್ನು, ರಸ್ತೆ ತುಂಬ ಎಲೆ ಬೀಳುವುದನ್ನು ಚೆನ್ನಾಗಿ ಬರೆದಿದ್ದರು. ಕೊನೆಯಲ್ಲಿ ಮಾತ್ರ, ಇಂಥದ್ದನ್ನು ನೋಡುವ ಭಾಗ್ಯ ನಮ್ಮ ನಾಡಿನವರಿಗಿಲ್ಲ ಎಂದುಬಿಟ್ಟರು. ಆ ಒಂದು ಸಾಲು ನನ್ನನ್ನು ಈ ಪತ್ರಕ್ಕೆ ಕೂರಿಸಿತು.

ಭಾಗ್ಯ ಇದೆ. ಈ ವಾರವೇ ಇದೆ. ಮೈಸೂರಿನಲ್ಲಿ ನಮ್ಮ ಬೀದಿಯ ತಿರುವಿನಲ್ಲಿರುವ ಬಾದಾಮಿ ಮರದ ಕೆಳಗೆ ನಿಂತು ತಲೆ ಎತ್ತಿದರೆ ಸಾಕು. ಅರ್ಧ ಮರ ಕುಂಕುಮದ ಹಾಗೆ ಕೆಂಪಾಗಿದೆ. ಉಳಿದ ಅರ್ಧ ಇನ್ನೂ ಹಸಿರು, ಹಳದಿ ಅಂತ ಜಗ್ಗಾಡುತ್ತಿದೆ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಫೋಟೊ ತೆಗೆಯುವುದು ನನ್ನ ಹವ್ಯಾಸ. ಯಾರೂ ಕಲಿಸಿದ್ದಲ್ಲ, ಅದರಿಂದ ಒಂದು ಪೈಸೆ ದುಡಿದಿದ್ದೂ ಇಲ್ಲ. ಐದು ವರ್ಷದ ಆರ್‌ಡಿ ಮುಗಿದಾಗ, 2011ರಲ್ಲಿ, ಬಂದ ದುಡ್ಡಿನಲ್ಲಿ ಒಂದು ನಿಕಾನ್ ಡಿ3100 ತೆಗೆದುಕೊಂಡೆ. ಅದೇ ಕ್ಯಾಮೆರಾ ಇವತ್ತಿಗೂ ಇದೆ. ಭಾನುವಾರ ಬಂತೆಂದರೆ ಮನೆಯವರು, ಮಕ್ಕಳು, ಅತ್ತೆ ಎಲ್ಲರೂ ಹೊರಡುತ್ತೇವೆ. ಪುಳಿಯೋಗರೆ ಡಬ್ಬಿ ಅತ್ತೆ ಕೈಯಲ್ಲಿ, ಕ್ಯಾಮೆರಾ ನನ್ನ ಹೆಗಲಲ್ಲಿ. ಹೆಚ್ಚು ದೂರ ಏನಿಲ್ಲ. ಕುಕ್ಕರಹಳ್ಳಿ ಕೆರೆ ಏರಿ, ಚಾಮುಂಡಿ ಬೆಟ್ಟದ ಮೆಟ್ಟಿಲು, ವರ್ಷಕ್ಕೊಮ್ಮೆ ಗೋಪಾಲಸ್ವಾಮಿ ಬೆಟ್ಟ.

ಮೊದಲ ವರ್ಷ ನಾನೂ ಆ ಓದುಗರ ಹಾಗೇ ಅಂದುಕೊಂಡಿದ್ದೆ. ಅಕ್ಟೋಬರಿನಲ್ಲಿ, ದಸರಾ ರಜೆಯಲ್ಲಿ, ಕ್ಯಾಮೆರಾ ಹಿಡಿದು ಎಲೆಯ ಬಣ್ಣ ಹುಡುಕಿಕೊಂಡು ಹೋದೆ. ಎಲ್ಲಿ ನೋಡಿದರೂ ಹಸಿರು. ತಪ್ಪು ಮರದ್ದಲ್ಲ, ನನ್ನ ಕ್ಯಾಲೆಂಡರಿನದು. ಇಂಗ್ಲಿಷಿನ ‘ಆಟಮ್’ ಪದಕ್ಕೆ ನಾವು ಸುಮ್ನೆ ‘ಶರತ್ಕಾಲ’ ಅಂತ ಬರೆದುಬಿಡುತ್ತೇವೆ. ನಮ್ಮ ಶರದೃತು ಅಂದರೆ ಆಶ್ವಯುಜ, ಕಾರ್ತಿಕ. ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟಂತೆ ಇರುವ ಕಾಲ. ಕೆರೆ ತುಂಬಿರುತ್ತದೆ, ಮರಕ್ಕೆ ಎಲೆ ಉದುರಿಸುವ ಅವಸರವೇ ಇರುವುದಿಲ್ಲ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಮಾಘ, ಫಾಲ್ಗುಣದಲ್ಲಿ. ಬಾದಾಮಿ ಮರದಂಥವು ಸಂಕ್ರಾಂತಿಗೇ ಶುರು ಮಾಡುತ್ತವೆ.

ನಮ್ಮತ್ತೆ ಇದನ್ನು ಬೇರೆ ರೀತಿ ಹೇಳುತ್ತಾರೆ. ‘ಅವರೆಕಾಯಿಗೆ ಸೊಗಡು ಬಂತಾ? ಹಾಗಾದ್ರೆ ಆ ಮರ ಕೆಂಪಾಗುತ್ತೆ ಬಿಡಮ್ಮ’ ಅಂತ. ಹಿತಕಿದ ಬೇಳೆ ಸಾರು ಮಾಡುವ ದಿನಗಳಲ್ಲೇ ನಾನು ಕ್ಯಾಮೆರಾ ಲೆನ್ಸ್ ಒರೆಸಿ ಇಟ್ಟುಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ಅವರ ಲೆಕ್ಕ ತಪ್ಪಿದ್ದು ನಾನು ನೋಡಿಲ್ಲ.

ಕಾರಣವೂ ಬೇರೆಯೇ. ಅಲ್ಲಿ ಹಗಲು ಚಿಕ್ಕದಾಗಿ ಚಳಿ ಬರುತ್ತದೆ, ಮರ ಎಲೆ ಕಳಚುತ್ತದೆ. ನಮ್ಮಲ್ಲಿ ಮುಖ್ಯವಾಗಿ ನೀರಿನ ಲೆಕ್ಕ. ನೆಲದ ತೇವ ಇಳಿಯುತ್ತಾ ಬರುತ್ತದೆ, ಎಲೆ ಇದ್ದಷ್ಟೂ ನೀರು ಆವಿಯಾಗಿ ಹೋಗುತ್ತದೆ. ಅದಕ್ಕೆ ಮರ ಎಲೆಯೊಳಗಿನ ಸತ್ವವನ್ನೆಲ್ಲ ವಾಪಸ್ ಎಳೆದುಕೊಂಡು ಎಲೆಯನ್ನು ಬಿಟ್ಟುಬಿಡುತ್ತದೆ. ಹಸಿರು ಕರಗಿದಾಗ ಕಾಣುವ ಹಳದಿ ಮೊದಲಿಂದಲೂ ಎಲೆಯಲ್ಲೇ ಇದ್ದದ್ದು. ಕೆಂಪು ಹಾಗಲ್ಲ. ಅದನ್ನು ಎಲೆ ತನ್ನ ಕೊನೆಯ ದಿನಗಳಲ್ಲಿ ಹೊಸದಾಗಿ ಮಾಡಿಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ ನನಗೆ ಕೆಂಪು ಎಲೆಯ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಯಿತು.

ಒಂದು ಬಾದಾಮಿ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಅಂಗೈಗಿಂತ ದೊಡ್ಡದು. ಒಂದೇ ಸಲ ಕೆಂಪಾಗುವುದಿಲ್ಲ. ನಡುವಿನ ದಪ್ಪ ನರ, ಅದರಿಂದ ಕವಲೊಡೆದ ನರಗಳು ಹಳದಿಯಾಗೇ ಉಳಿದು, ಮಧ್ಯದ ಜಾಗ ಮೊದಲು ಬಣ್ಣ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಸೂರ್ಯನಿಗೆ ಅಡ್ಡ ಹಿಡಿದರೆ ಒಳಗೆ ದೀಪ ಹಚ್ಚಿದ ಹಾಗಿರುತ್ತದೆ. ಹುಳ ತಿಂದ ತೂತುಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಕೆನ್ನೆ ಮೇಲೆ ಬೀಳುತ್ತದೆ. ಇನ್ನು ಬೀಳುವ ಸದ್ದು. ಸಣ್ಣ ಎಲೆಗಳ ಹಾಗೆ ತೇಲಿಕೊಂಡು ಬರುವುದಿಲ್ಲ. ಕೊಂಬೆಗೆ ತಗುಲುತ್ತಾ ಬಂದು ‘ಟಪ್’ ಅಂತ ಬೀಳುತ್ತದೆ. ಫೋಟೊದಲ್ಲಿ ಹಿಡಿಯಲಾಗದ್ದು ಆ ಸದ್ದು ಒಂದೇ.

ಸೂರ್ಯನಿಗೆ ಎದುರಾಗಿ ಫೋಟೊ ತೆಗೆಯಬಾರದು ಎಂದು ನನಗೆ ಹೇಳಿಕೊಟ್ಟವರು ಮಾವನವರು. ರೈಲ್ವೆಯಲ್ಲಿದ್ದರು. ಅವರ ಹತ್ತಿರ ಯಾಶಿಕಾ ಎಂಎಫ್-2 ಇತ್ತು. ಒಂದು ರೋಲಿಗೆ 36 ಫೋಟೊ. ಆ 36ನ್ನು ಒಂದು ಹಬ್ಬ, ಒಂದು ನಾಮಕರಣ, ಒಂದು ಪ್ರವಾಸ ಅಂತ ಭಾಗ ಮಾಡಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬಿಸಿಲು ಬೆನ್ನ ಹಿಂದೆ ಇರಬೇಕು, ಮುಖ ಚೆನ್ನಾಗಿ ಬರಬೇಕು ಎನ್ನುವುದು ಅವರ ನಿಯಮ. ಮುಖಕ್ಕೆ ಆ ಮಾತು ಸರಿ. ಎಲೆಗೆ ಮಾತ್ರ ಅದು ತಿರುಗುಮುರುಗು. ನಾನು ಸೂರ್ಯನ ಕಡೆ ತಿರುಗಿ ತೆಗೆದ ಮೊದಲ ಎಲೆಯ ಫೋಟೊವನ್ನು ಅವರು ತುಂಬ ಹೊತ್ತು ನೋಡಿದರು. ‘ಇದಕ್ಕೆ ಮುಖ ಇಲ್ಲವಲ್ಲ, ಪರವಾಗಿಲ್ಲ’ ಎಂದರು. ಆಮೇಲೆ ಅದನ್ನು ತಾವೇ ಫ್ರೇಮ್ ಹಾಕಿಸಿ ತಂದರು.

ಆ ವರ್ಷದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಎಲ್ಲರೂ ಆ ಮರದ ಕೆಳಗೆ ನಿಲ್ಲಬೇಕು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು, ನಾನೂ ಓಡಿ ಹೋಗಿ ನಿಲ್ಲುತ್ತೇನೆ. ಫೋಟೊ ತೆಗೆಯುವ ಹೆಂಗಸರಿಗೆಲ್ಲ ಇದನ್ನು ಒತ್ತಿ ಹೇಳುತ್ತೇನೆ: ನೀವೂ ಫೋಟೊದಲ್ಲಿರಿ. ಮೊದಲ ಫೋಟೊದಲ್ಲಿ ಮಗಳಿಗೆ ಮೂರು ವರ್ಷ. ಮರದ ಬೊಡ್ಡೆ ಮೇಲೆ ಕೊಂಬೆ ಕಡಿದ ಗಂಟೊಂದಿದೆ, ಅವಳ ತಲೆ ಅದಕ್ಕೆ ಮುಟ್ಟುತ್ತಿರಲಿಲ್ಲ. ಈಗ ಆ ಗಂಟು ಅವಳ ಭುಜದ ಹಿಂದೆ ಮರೆಯಾಗುತ್ತದೆ. 2013ರಲ್ಲಿ ಹುಟ್ಟಿದ ಮಗ ಕೆಲವು ಫೋಟೊಗಳಲ್ಲಿ ಕೂತಿದ್ದಾನೆ. ಕಲ್ಲಿನಿಂದ ಕಾಯಿ ಕುಟ್ಟಿ ಒಳಗಿನ ಬೀಜ ತಿನ್ನುವುದರಲ್ಲೇ ಅವನಿಗೆ ಗಮನ.

ಮಾವನವರು 2019ರಲ್ಲಿ ತೀರಿಕೊಂಡರು. ಮುಂದಿನ ಜನವರಿಯಲ್ಲಿ ಫೋಟೊ ಬೇಡ ಎಂದುಕೊಂಡಿದ್ದೆ. ಅತ್ತೆಯೇ ಸೀರೆ ಬದಲಾಯಿಸಿ ಬಂದು, ‘ಬಿಸಿಲು ಏರುತ್ತೆ, ಬಾ’ ಎಂದರು. ಮಾವ ಯಾವಾಗಲೂ ನಿಲ್ಲುತ್ತಿದ್ದ ಬಲಗಡೆಯ ಜಾಗದಲ್ಲಿ ಹೋಗಿ ತಾವೇ ನಿಂತರು. ಈಗಲೂ ಅಲ್ಲೇ ನಿಲ್ಲುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. 2015ರಲ್ಲಿ ನಮ್ಮ ಕಂಪ್ಯೂಟರ್ ಕೆಟ್ಟಿತು. ರಿಪೇರಿಗೆ ಕೊಟ್ಟಾಗ ಅಂಗಡಿಯವರು ಎಲ್ಲವನ್ನೂ ಅಳಿಸಿ ಕೊಟ್ಟರು. ನಾಲ್ಕು ವರ್ಷದ ಫೋಟೊ ಹೋಯಿತು. ಉಳಿದದ್ದು ಪ್ರಿಂಟ್ ಹಾಕಿಸಿದ್ದು ಮಾತ್ರ. ಮರದ ಕೆಳಗಿನ ಫೋಟೊಗಳನ್ನು ಮಾವನವರು ವರ್ಷ ವರ್ಷ ಪ್ರಿಂಟ್ ಹಾಕಿಸಿ ಆಲ್ಬಮ್ಮಿಗೆ ಅಂಟಿಸುತ್ತಿದ್ದರು, ಅದಕ್ಕೆ ಅವು ಬಚಾವಾದವು. ಮೊಬೈಲಿನಲ್ಲಿ ಸಾವಿರಾರು ಫೋಟೊ ಇಟ್ಟುಕೊಂಡವರು ವರ್ಷಕ್ಕೆ ಹತ್ತನ್ನಾದರೂ ಪ್ರಿಂಟ್ ಹಾಕಿಸಿ, ದಯವಿಟ್ಟು.

ಬಾದಾಮಿ ಒಂದೇ ಅಲ್ಲ. ಬಂಡೀಪುರದ ಕಾಡಿನಲ್ಲಿ ದಿಂಡಿಗದ ಮರ ನೋಡಿ. ಎಲೆ ಸಣ್ಣದು, ಬಣ್ಣ ತಾಮ್ರದ ಚೊಂಬಿನದು. ಬೆಟ್ಟದ ಕೆಳಗೆ ಕಾರು ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಗೋಪಾಲಸ್ವಾಮಿ ಬೆಟ್ಟ ಹತ್ತುವಾಗ ಕಿಟಕಿ ಪಕ್ಕ ಕೂತುಕೊಳ್ಳಿ. 1,454 ಮೀಟರ್ ಎತ್ತರದ ಬೆಟ್ಟ, ಮೇಲೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ಬಂದಿರುತ್ತದೆ, ಕೆಳಗೆ ಕಾಡು ತಾಮ್ರ ಮತ್ತು ಬೂದಿ ಬಣ್ಣ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯುವವರನ್ನು ನೋಡುತ್ತೇನೆ. ಅದು ತಪ್ಪು. ಆನೆ ದಾಟುವ ದಾರಿ ಅದು. ಓಡುವ ಬಸ್ಸಿನಿಂದ ಬಂದಷ್ಟು ಬರಲಿ, ಅಲುಗಿದ್ದು ಅಲುಗಲಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಡುವ ಹೊತ್ತಿಗೆ ಹೊಂಗೆಯ ಸರದಿ. ಎಲೆ ಸುರಿಸಿದ್ದೇ ತಡ, ಯುಗಾದಿ ಒಳಗೆ ಮೈತುಂಬ ಚಿಗುರು. ಅರಳಿಯ ಎಳೆ ಎಲೆ ಹುಟ್ಟುವಾಗಲೇ ಕೆಂಪು. ಮೇಪಲ್ ಕಾಡು ಎಲೆ ಉದುರಿಸಿದ ಮೇಲೆ ತಿಂಗಳುಗಟ್ಟಲೆ ಬೋಳಾಗಿ ನಿಲ್ಲುತ್ತದೆ. ನಮ್ಮ ಬೀದಿಯಲ್ಲಿ ಒಂದು ಮರ ಉದುರಿಸುವಾಗ ಪಕ್ಕದ್ದು ಚಿಗುರುತ್ತಿರುತ್ತದೆ, ಎರಡೂ ಒಂದೇ ಫೋಟೊದಲ್ಲಿ ಸಿಗುತ್ತವೆ. ಇದೇನು ಕಡಿಮೆ ಭಾಗ್ಯವೇ?

ಈಗ ನೋವಿನ ವಿಷಯ. ಎರಡು ವಾರದ ಹಿಂದೆ ಯಾರೋ ನಮ್ಮ ಬಾದಾಮಿ ಮರದ ಎಲೆಗಳನ್ನೆಲ್ಲ ಬುಡಕ್ಕೇ ಗುಡಿಸಿ ಬೆಂಕಿ ಹಚ್ಚಿದ್ದರು. ನಾನು ಕೆಲಸದಿಂದ ಬರುವಾಗ ಇನ್ನೂ ಹೊಗೆ ಇತ್ತು. ಬೊಡ್ಡೆಯ ಒಂದು ಪಕ್ಕ ಮೊಣಕಾಲೆತ್ತರಕ್ಕೆ ಕಪ್ಪಾಗಿದೆ, ತೊಗಟೆ ಬಿರಿದಿದೆ. ಅತ್ತೆಗೆ ಉಬ್ಬಸ ಇದೆ, ಆ ರಾತ್ರಿ ನಿದ್ದೆ ಮಾಡಲಿಲ್ಲ. ನಾಲ್ಕು ಬಕೆಟ್ ನೀರು ಹಾಕಿ ಆರಿಸಿದೆವು. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿದೆ. ಸುಟ್ಟವರಿಗೆ 5,000 ರೂಪಾಯಿ ದಂಡ ಎಂದೂ ಹೇಳಿದೆ. ನನಗೆ ದಂಡ ಹಾಕಿಸುವ ಆಸೆ ಇಲ್ಲ. ಎಲೆಯನ್ನು ಎರಡು ಅಡಿ ಗುಂಡಿಗೆ ಹಾಕಿ ನೀರು ಚಿಮುಕಿಸಿದರೆ ಗಿಡಕ್ಕೆ ಗೊಬ್ಬರ. ನಮ್ಮ ಮನೆ ಹಿತ್ತಲಲ್ಲಿ ಮಾಡುತ್ತಿದ್ದೇವೆ, ಬೇಕಾದವರು ಎಲೆ ತಂದು ಹಾಕಬಹುದು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟಿದ್ದನ್ನು ನಾವು ಮರೆತಿಲ್ಲ. ಒಣಗಿದ ಎಲೆಗೆ ಕಿಡಿ ತಗುಲಿದರೆ ಏನಾಗುತ್ತದೆ ಎಂದು ಈ ಭಾಗದವರಿಗೆ ಬೇರೆ ಹೇಳಬೇಕಾಗಿಲ್ಲ.

ಸಂಪಾದಕರಲ್ಲಿ ನನ್ನದೊಂದು ವಿನಂತಿ. ಅಕ್ಟೋಬರ್ ಬಂದರೆ ಪತ್ರಿಕೆಗಳಲ್ಲಿ ಹೊರದೇಶದ ಕೆಂಪು ಕಾಡಿನ ಚಿತ್ರ ಬರುತ್ತದೆ. ಸಂತೋಷ, ಬರಲಿ. ಮಾಘ ಮಾಸದಲ್ಲಿ ಒಂದು ಭಾನುವಾರ ಓದುಗರ ಎಲೆ ಉದುರುವ ಕಾಲದ ಚಿತ್ರಗಳಿಗೂ ಅರ್ಧ ಪುಟ ಕೊಡಿ. ಬೀದರಿನ ಮರ ಯಾವಾಗ ಕೆಂಪಾಗುತ್ತದೆ, ಶಿರಸಿಯದು ಯಾವಾಗ, ಕೋಲಾರದ್ದು ಯಾವಾಗ ಎಂದು ನನಗೆ ನೋಡುವ ಆಸೆ. ಚಿತ್ರದಲ್ಲಿ ಮನೆಯವರೂ ಇರಲಿ. ದೊಡ್ಡ ಕ್ಯಾಮೆರಾನೇ ಬೇಕು ಎಂದೇನಿಲ್ಲ, ಮೊಬೈಲ್ ಸಾಕು. ಹೋದ ವಾರ ಬರೆದ ಓದುಗರೂ ಒಂದು ಕಳಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಈ ವರ್ಷದ ನಮ್ಮ ಫೋಟೊವನ್ನು ಪತ್ರದ ಜೊತೆ ಇಟ್ಟಿದ್ದೇನೆ. ಬಲಗಡೆ ಎಲೆಯೊಂದನ್ನು ಬಿಸಿಲಿಗೆ ಅಡ್ಡ ಹಿಡಿದಿರುವವರು ನಮ್ಮತ್ತೆ. ಸುಟ್ಟ ಬೊಡ್ಡೆಯೂ ಕಾಣುತ್ತದೆ, ಅದನ್ನು ಕತ್ತರಿಸಬೇಡಿ. ಮುದ್ರಿಸುವುದಾದರೆ ಎಲೆಯ ಕೆಂಪನ್ನು ಜಾಸ್ತಿ ಮಾಡಬೇಡಿ. ಅದು ಇದ್ದದ್ದೇ ಅಷ್ಟು ಕೆಂಪು.

ಇತಿ,
ನಿಮ್ಮ ಪತ್ರಿಕೆಯ ಓದುಗಿ,
ಮೈಸೂರು