ತಲೆ ತಗ್ಗಿಸಿದ ತಾಯಂದಿರು

ಗುಂಡಾ,

ಇದನ್ನು ಎಲ್ಲರಿಗೂ ಕಾಣುವ ಹಾಗೇ ಬರೆಯುತ್ತಿದ್ದೇನೆ. ಇನ್‌ಬಾಕ್ಸಿಗೆ ಹಾಕಿದರೆ ನೀನು ಯುಗಾದಿಗೆ ಓದಿ ಸಂಕ್ರಾಂತಿಗೆ ಉತ್ತರ ಕೊಡುವವನು. ನಾಲ್ಕು ಜನ ನೋಡ್ತಾ ಇದ್ದಾರೆ ಅಂದ್ರೆ ಮರ್ಯಾದೆಗಾದರೂ ಓದುತ್ತೀಯ.

ಪ್ಯಾರಿಸ್ಸಿನ ಸೆರ್ನುಸ್ಕಿ ಮ್ಯೂಸಿಯಮ್ಮಿಗೆ ಹೋಗಿದ್ದೆ. ವಿಯೆಟ್ನಾಂ ಕಲಾವಿದರ ಪ್ರದರ್ಶನ, 2024ರ ಅಕ್ಟೋಬರಿನಲ್ಲಿ ಶುರುವಾಗಿದ್ದು. ಫ್ರೆಂಚರು ಹನೋಯಿಯಲ್ಲಿ ಕಟ್ಟಿದ ಚಿತ್ರಕಲಾ ಶಾಲೆಗೆ ನೂರು ವರ್ಷ ತುಂಬಿತಲ್ಲ, ಆ ನೆಪದಲ್ಲಿ. ಅಲ್ಲಿ ಕಲಿತು ಫ್ರಾನ್ಸಿಗೆ ಬಂದು ಇಲ್ಲೇ ಉಳಿದ ಮೂವರು: ಲೆ ಫೋ, ಮಾಯ್ ಥು, ವು ಕಾವ್ ಡಾಮ್. ಮಾಯ್ ಥು ತನ್ನ ಚಿತ್ರಗಳಿಗೆ ಚೌಕಟ್ಟನ್ನೂ ತಾನೇ ಮಾಡುತ್ತಿದ್ದನಂತೆ. ಫ್ರೇಮು ಹಾಕುವ ನಮ್ಮ ಸೀನಣ್ಣ ನೆನಪಾದ. ನಗಬೇಡ.

ನಾನು ಸಿಕ್ಕಿಹಾಕಿಕೊಂಡಿದ್ದು ಲೆ ಫೋ ಹತ್ತಿರ. 1907ರಲ್ಲಿ ಹುಟ್ಟಿ 94 ವರ್ಷ ಬದುಕಿದ ಆಸಾಮಿ. ಬರೆದಿದ್ದರಲ್ಲಿ ಹೆಂಗಸರೇ ಜಾಸ್ತಿ. ಅದೂ ಬಹಳಷ್ಟು ರೇಷ್ಮೆಯ ಮೇಲೆ. ಅದರಲ್ಲಿ ಅಳಿಸಿ ತಿದ್ದೋದು ಕಷ್ಟ, ಬಣ್ಣವನ್ನು ನೂಲೇ ಕುಡಿದುಬಿಡುತ್ತೆ. ಹಳೇ ಇಟಲಿ ಚಿತ್ರಗಳನ್ನು ನೋಡಿ ಮರುಳಾಗಿ ಅವನೂ ಮೇರಿಯನ್ನು ಬರೆದ. ಆದರೆ ಮುಖ ಮಾತ್ರ ಅವನ ಊರಿನದು. ತಲೆ ಮೇಲೆ ತೆಳು ಸೆರಗು, ನೀಳ ಕತ್ತು, ಸಣ್ಣ ಬೆರಳು, ತೋಳಲ್ಲಿ ಮಗು. ವಿಯೆಟ್ನಾಮಿನ ಬೌದ್ಧ ಗುಡಿಗಳಲ್ಲೂ ಮಗು ಎತ್ತಿಕೊಂಡ ಕ್ವಾನ್ ಆಮ್ ತಾಯಿ ಇದ್ದಾಳೆ. ಇವಳು ಯಾರು, ಅವಳು ಯಾರು ಅಂತ ನನಗಂತೂ ಬಿಡಿಸಿ ಹೇಳೋಕೆ ಆಗಲಿಲ್ಲ. ದೇವರೇ ಇಲ್ಲ ಅಂತ ಹಾಸ್ಟೆಲಿನಲ್ಲಿ ಭಾಷಣ ಬಿಗಿದವನು, ಕೈ ಕಟ್ಟಿಕೊಂಡು ನಿಂತಿದ್ದೆ.

ಲೆ ಫೋ ಮೂರು ವರ್ಷದವನಿದ್ದಾಗ ತಾಯಿ ಹೋದಳು, ಎಂಟಕ್ಕೆ ತಂದೆ. ಅದಕ್ಕೇ ಇಷ್ಟೊಂದು ತಾಯಂದಿರು ಅಂದುಕೊಂಡೆ. ಇಷ್ಟು ಸುಲಭಕ್ಕೆ ಅರ್ಥವಾದರೆ ನನಗೆ ಅನುಮಾನ ಜಾಸ್ತಿ, ನಿನಗೆ ಗೊತ್ತಲ್ಲ. ಮತ್ತೆ ಒಂದು ಸುತ್ತು ಹಾಕಿದೆ.

ಆಗ ಕಂಡಿತು. ಒಬ್ಬಳೂ ಬಾಯಿ ತೆರೆದಿಲ್ಲ. ಎಲ್ಲರೂ ಕಣ್ಣು ತಗ್ಗಿಸಿದ್ದಾರೆ. ಯಾರೂ ನನ್ನನ್ನು ಏನೂ ಕೇಳುತ್ತಿಲ್ಲ. ನನಗೆ ಅಷ್ಟು ಹಿತವಾಗಿದ್ದು ಅದೇ ಕಣೋ.

ಭಾನುವಾರ ಅಮ್ಮ ವಿಡಿಯೋ ಕಾಲ್ ಮಾಡುತ್ತಾಳೆ. ಮಂಡಿ ನೋವು, ಪಕ್ಕದ ಮನೆಯವರ ಬೋರ್‌ವೆಲ್ಲು, ಯಾವಾಗ ಬರ್ತೀಯ. ಸ್ವಲ್ಪ ಹೊತ್ತು ಕೇಳಿ ವಾಲ್ಯೂಮ್ ಇಳಿಸಿಬಿಡುತ್ತೇನೆ. ಪೂರ್ತಿ. ಅವಳ ಮುಖ ನೋಡುತ್ತಾ ತಲೆಯಾಡಿಸುತ್ತೇನೆ. ಸುಮ್ನೆ ಅಲ್ಲ, ಪ್ರೀತಿಯಿಂದಲೇ ನೋಡುತ್ತೇನೆ. ಆಗ ಎಷ್ಟು ಚೆನ್ನಾಗಿ ಕಾಣುತ್ತಾಳೆ ಅಂದರೆ, ಸ್ಕ್ರೀನ್‌ಶಾಟ್ ಕೂಡ ತೆಗೆದಿಟ್ಟುಕೊಂಡಿದ್ದೇನೆ. ಅಮ್ಮಂದಿರ ದಿನಕ್ಕೆ ಹಾಕಿದ್ದ ಫೋಟೋ ಅದೇ. ನೀವೆಲ್ಲ ದೇವತೆ, ದೇವತೆ ಅಂತ ಬರೆದಿರಿ. ಆವತ್ತು ಅವಳು ಏನು ಹೇಳುತ್ತಿದ್ದಳೋ ನನಗೆ ಈಗಲೂ ಗೊತ್ತಿಲ್ಲ. ಆ ಫೋಟೋದಲ್ಲಿ ಅವಳ ಬಾಯಿ ತೆರೆದೇ ಇದೆ.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಕಲಾ ವಿಮರ್ಶೆ ಬರೆದು ನಾಲ್ಕು ಲೈಕು ಗಿಟ್ಟಿಸೋಣ ಅಂತ ಕೂತವನು ನಾನು. ಪ್ರದರ್ಶನದ ಕ್ಯಾಟಲಾಗನ್ನೂ ಕೊಳ್ಳದೆ ಬಂದೆ.

ನಮ್ಮಮ್ಮ ಫೇಸ್‌ಬುಕ್ಕಿನಲ್ಲಿ ಇಲ್ಲ ಅನ್ನುವ ಧೈರ್ಯದ ಮೇಲೆ ಇದೆಲ್ಲ. ಆದರೆ ನಿಮ್ಮಮ್ಮ ಇದ್ದಾರಲ್ಲ, ಎಲ್ಲದಕ್ಕೂ ಮೂರು ಗುಲಾಬಿ ಹಾಕುವವರು. ಅವರು ಇದನ್ನು ಓದಿ ನಮ್ಮಮ್ಮನಿಗೆ ಫೋನ್ ಮಾಡುವ ಮೊದಲು ಏನಾದರೂ ಮಾಡಿ ಅವರ ಫೋನ್ ಬಚ್ಚಿಡು ಮಾರಾಯ. ಪಾಸ್‌ವರ್ಡು ನಿನ್ನ ಹುಟ್ಟಿದ ದಿನವೇ ಇರುತ್ತೆ.

ನಿನ್ನ,
ಅರ್ಧ ಟಿಕೆಟ್