ಇಪ್ಪತ್ತೆರಡು ಸ್ಟೇರ್‌ಕೇಸ್‌ಗಳ ಕಟ್ಟಡ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಪ್ರೀಕಾಸ್ಟ್ ಬಗ್ಗೆ, ಅಂದರೆ ಮೊದಲೇ ಎರಕ ಹೊಯ್ದು ತಂದು ಜೋಡಿಸುವ ಕಾಂಕ್ರೀಟ್ ಬಗ್ಗೆ, ಬರೆ, ಬರೆ ಅಂತ ನೀನು ಪೀಡಿಸುತ್ತಲೇ ಇದ್ದೆ. ಇಗೋ, ಬರೆಯುತ್ತಿದ್ದೇನೆ. ಓದುವ ಉಳಿದವರೂ ಬಂದು ಕೂರಲಿ. ಹಿಂದಿನ ಬೆಂಚು ಮಾತ್ರ ನಮ್ಮಿಬ್ಬರದು, ಯಾಕೆಂದು ಅವರಿಗೆ ಹೇಳುವುದು ಬೇಡ.

ಪ್ಯಾರಿಸ್ಸಿನ ಈಶಾನ್ಯಕ್ಕೆ ದ್ರಾನ್ಸಿ ಎಂಬ ಊರಿದೆ. ಅಲ್ಲಿನ ‘ಸಿತೆ ದ ಲಾ ಮ್ಯುಯೆತ್’ ವಸತಿ ಸಮುಚ್ಚಯವನ್ನು 1930ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟಿದ್ದು ಕಡಿಮೆ ಬಾಡಿಗೆಯ ಮನೆಗಳಿಗಾಗಿ. ವಾಸ್ತುಶಿಲ್ಪಿಗಳು ಯೂಜೀನ್ ಬೊದುವ್ಯಾಂ ಮತ್ತು ಮಾರ್ಸೆಲ್ ಲೋದ್ಸ್. ಲೋಹದ ಕೆಲಸದಲ್ಲಿ ಜ್ಯಾಂ ಪ್ರೂವೆ ಕೈಜೋಡಿಸಿದ್ದರು. ಹದಿನೈದರ ಆಸುಪಾಸು ಅಂತಸ್ತಿನ ಐದು ಗೋಪುರಗಳು, ಅವುಗಳ ಬುಡದಲ್ಲಿ ಬಾಚಣಿಗೆಯ ಹಲ್ಲಿನಂತೆ ತಗ್ಗು ಸಾಲುಗಳು, ಪಕ್ಕದಲ್ಲಿ ಕುದುರೆ ಲಾಳದ ಆಕಾರದ ನಾಲ್ಕು ಅಂತಸ್ತಿನ ಕಟ್ಟಡ. ಲಾಳದ ನಡುವಿನ ಅಂಗಳ ಸುಮಾರು 200 ಮೀಟರ್ ಉದ್ದ, 40 ಮೀಟರ್ ಅಗಲ. ಈ ಅಳತೆ ನೆನಪಿಟ್ಟುಕೋ.

ಕಟ್ಟಿದ್ದು ಎಂಜಿನಿಯರ್ ಯೂಜೀನ್ ಮೊಪ್ಯಾಂ ಅವರ ಪದ್ಧತಿಯಲ್ಲಿ. ಮೊದಲು ಹಗುರವಾದ ಉಕ್ಕಿನ ಹಂದರ ನಿಲ್ಲಿಸಬೇಕು. ಕಾಂಕ್ರೀಟನ್ನು ಕಂಪಿಸಿ ಎರಕ ಹೊಯ್ದ ತೆಳು ಫಲಕಗಳನ್ನು ತಂದು ಹಂದರಕ್ಕೆ ಸಿಕ್ಕಿಸಬೇಕು. ಆಮೇಲೆ ಒಳಗೆ ಕಾಂಕ್ರೀಟ್ ಸುರಿಯಬೇಕು. ಫಲಕವೇ ಅಚ್ಚು, ಫಲಕವೇ ಗೋಡೆಯ ಮುಖ. ಸೆಂಟ್ರಿಂಗ್ ಮರದ ಖರ್ಚು ಉಳಿಯುತ್ತದೆ, ಮೇಸ್ತ್ರಿಗಳ ಕೆಲಸ ಇಳಿಯುತ್ತದೆ. ಕಾಯಿಲೆಯೂ ಇಲ್ಲೇ ಹುಟ್ಟುವುದು. ಫಲಕಗಳ ಸಂದಿನಲ್ಲಿ ನೀರು ಇಳಿದರೆ ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಉಕ್ಕಿಗಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಫಲಕವನ್ನು ಹೊರಕ್ಕೆ ತಳ್ಳುತ್ತದೆ. ಇದೇ ಪದ್ಧತಿಯಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎದ್ದ ಕ್ವಾರಿ ಹಿಲ್ ಮನೆಗಳನ್ನು ತುಕ್ಕು ಬಿಡಲಿಲ್ಲ. 1978ರ ಹೊತ್ತಿಗೆ ಅವು ನೆಲಸಮವಾದವು.

ದ್ರಾನ್ಸಿಯನ್ನು ಕೆಡಿಸಿದ್ದು ಮಾತ್ರ ತುಕ್ಕಲ್ಲ. ಮನೆಗಳು ಚಿಕ್ಕವು, ಗೋಡೆಯಾಚೆಯ ಸದ್ದು ಕೇಳುತ್ತಿತ್ತು, ಪ್ಯಾರಿಸ್ಸಿಗೆ ಓಡಾಟ ಕಷ್ಟ, ಜೊತೆಗೆ ಆರ್ಥಿಕ ಕುಸಿತದ ಕಾಲ. ಬಾಡಿಗೆದಾರರು ಬರಲಿಲ್ಲ. 1938ರಲ್ಲಿ ಗೋಪುರಗಳು ಸಂಚಾರಿ ಗಾರ್ಡ್ ದಳದ ಜೆಂಡಾರ್ಮರಿಗೂ (ಫ್ರಾನ್ಸಿನ ಸೈನಿಕ ಪೊಲೀಸರು) ಅವರ ಕುಟುಂಬಗಳಿಗೂ ಹೋದವು. ಹೀಗೆ ವಸತಿ ಬಡಾವಣೆ ಬ್ಯಾರಕ್ಸ್ ಆಯಿತು. ಲಾಳದ ಕಟ್ಟಡ ಮಾತ್ರ ಮುಗಿಯದೇ ನಿಂತಿತು: ಒಳಗೋಡೆಗಳಿಲ್ಲ, ನೆಲ ಬರೀ ಕಾಂಕ್ರೀಟ್.

ಇಲ್ಲಿಯವರೆಗಿನ ಕಥೆಯನ್ನು ನಿನಗೆ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ 1938ಕ್ಕೆ ನಿಲ್ಲಿಸಿದ್ದೇನೆ.

1940ರಲ್ಲಿ ಫ್ರಾನ್ಸನ್ನು ಆಕ್ರಮಿಸಿದ ಜರ್ಮನ್ನರು ಆ ಲಾಳದ ಕಟ್ಟಡದಲ್ಲಿ ಯುದ್ಧಕೈದಿಗಳನ್ನು ಇಟ್ಟರು. 1941ರ ಆಗಸ್ಟ್ 20ರಿಂದ ಅದು ಯಹೂದಿಗಳ ಬಂಧನ ಶಿಬಿರ. ಆಡಳಿತ ಪ್ಯಾರಿಸ್ ಪೊಲೀಸರದು, ಕಾವಲು ಫ್ರೆಂಚ್ ಜೆಂಡಾರ್ಮರದು. 1943ರ ಜುಲೈಯಲ್ಲಿ ನಾಜಿ ಅಧಿಕಾರಿ ಅಲೋಯಿಸ್ ಬ್ರುನರ್ ಶಿಬಿರವನ್ನು ಕೈಗೆ ತೆಗೆದುಕೊಂಡ. ಇಡೀ ಶಿಬಿರ ನಡೆದದ್ದು ಸ್ಟೇರ್‌ಕೇಸ್ ಲೆಕ್ಕದಲ್ಲಿ, ಒಂದರಿಂದ ಇಪ್ಪತ್ತೆರಡು. ರೈಲಿಗೆ ಆರಿಸಿದವರನ್ನು ಹಿಂದಿನ ರಾತ್ರಿ ‘ಹೊರಡುವ ಸ್ಟೇರ್‌ಕೇಸ್’ಗಳಿಗೆ ಸಾಗಿಸಿ, ಮುಳ್ಳುತಂತಿಯಿಂದ ಬೇರ್ಪಡಿಸುತ್ತಿದ್ದರು. ಬೆಳಿಗ್ಗೆ ಬಸ್ಸು, ಮೊದಲು ಲ ಬುರ್ಜೆ-ದ್ರಾನ್ಸಿ ನಿಲ್ದಾಣಕ್ಕೆ, 1943ರ ಜುಲೈ ನಂತರ ಬೊಬಿಞಿಗೆ. ಫ್ರಾನ್ಸಿನಿಂದ ಸಾಗಿಸಲಾದ ಸುಮಾರು 76 ಸಾವಿರ ಯಹೂದಿಗಳಲ್ಲಿ ಸುಮಾರು 63 ಸಾವಿರ ಜನ ಹೊರಟದ್ದು ಇಲ್ಲಿಂದ, ಬಹುಪಾಲು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ. 1944ರ ಏಪ್ರಿಲ್‌ನಲ್ಲಿ ಹೋದವರಲ್ಲಿ ಮುಂದೆ ಫ್ರಾನ್ಸಿನ ಮಂತ್ರಿಯಾದ, ಆಗ ಹದಿನಾರು ವರ್ಷದ ಸಿಮೋನ್ ವೇಯ್ ಇದ್ದರು. ಕವಿ ಮ್ಯಾಕ್ಸ್ ಜೇಕಬ್ ಅದೇ ಮಾರ್ಚ್ 5ರಂದು ಶಿಬಿರದಲ್ಲೇ ತೀರಿಕೊಂಡರು.

ಈಗ ನಕ್ಷೆ ತೆಗೆದು ನೋಡು. ಮಕ್ಕಳು ಕಣ್ಣಳತೆಯಲ್ಲೇ ಆಡಲಿ ಅಂತ ಮೂರು ಕಡೆ ಮುಚ್ಚಿದ ಅಂಗಳ: ನಾಲ್ಕನೇ ಕಡೆಗೆ ತಂತಿ ಎಳೆದರೆ ಸಾಕು. ಹತ್ತಿಳಿಯಲು ದೂರ ನಡೆಯದಿರಲಿ ಅಂತ ಪ್ರತಿ ಗುಂಪಿಗೊಂದು ಸ್ಟೇರ್‌ಕೇಸ್: ತಲೆ ಎಣಿಸುವುದು ಸುಲಭ. ಗೋಡೆಯಿಲ್ಲದ ಅಂತಸ್ತು: ಎಷ್ಟು ಜನರನ್ನಾದರೂ ತುಂಬಬಹುದು. ಕಾವಲಿನವರು ಪಕ್ಕದ ಗೋಪುರಗಳಲ್ಲೇ ಸಂಸಾರ ಮಾಡಿಕೊಂಡಿದ್ದರು. ನಕ್ಷೆ ಬರೆದವರ ಮನಸ್ಸಿನಲ್ಲಿ ಇದ್ಯಾವುದೂ ಇರಲಿಲ್ಲ, ನಿಜ. ಆದರೂ ಗೆಳೆಯಾ, ಆ ಕಟ್ಟಡ ನನಗೆ ಇಂದಿಗೂ ಇಷ್ಟ. ಫಲಕದ ಜೋಡಣೆ ನೋಡಿದರೆ ಇಂದಿಗೂ ಖುಷಿಯಾಗುತ್ತದೆ. ಆ ಖುಷಿಗೆ ಅಡ್ಡ ಬರುತ್ತದೆಂದೇ ನಾನು ಮುಂದಿನ ಆರು ವರ್ಷ ನಿನಗೆ ಹೇಳದೇ ಬಿಟ್ಟೆ. ಇದನ್ನು ಬರೆಯಬೇಕೆಂದುಕೊಂಡಿರಲಿಲ್ಲ. ಅಳಿಸುವುದೂ ಇಲ್ಲ.

1943ರಲ್ಲಿ ಬಂಧಿತರು ನೆಲಮಾಳಿಗೆಯಿಂದ ಗುಟ್ಟಾಗಿ ಸುರಂಗ ತೋಡಿದರು. ಮೂವತ್ತು ಮೀಟರಿಗೂ ಹೆಚ್ಚು ಸಾಗಿತ್ತು. ನವೆಂಬರ್‌ನಲ್ಲಿ, ಮುಗಿಯುವ ಮುನ್ನ ಸಿಕ್ಕಿಬಿತ್ತು. ಒಳ್ಳೆಯ ಎಂಜಿನಿಯರಿಂಗ್ ಅಂತ ಏನನ್ನಾದರೂ ಹೊಗಳುವುದಿದ್ದರೆ ಇನ್ನು ಮುಂದೆ ಅದನ್ನೇ ಮೊದಲು ಹೊಗಳುತ್ತೇನೆ.

1944ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗ ಒಳಗೆ ಉಳಿದಿದ್ದವರು ಸುಮಾರು 1,500 ಮಂದಿ. ಮುಂದೆ ಸ್ವಲ್ಪ ಕಾಲ ನಾಜಿಗಳಿಗೆ ನೆರವಾದ ಆರೋಪಿಗಳನ್ನು ಅಲ್ಲೇ ಕೂಡಿಹಾಕಿದರು. ದಶಕ ಮುಗಿಯುವ ಮೊದಲೇ ಲಾಳದ ಕಟ್ಟಡಕ್ಕೆ ಗೋಡೆ, ಬಾಗಿಲು ಬಂದು, ಕೊನೆಗೂ ಬಾಡಿಗೆದಾರರು ಬಂದರು. ಗೋಪುರಗಳನ್ನು 1976ರಲ್ಲಿ ಕೆಡವಿದರು. ಅದೇ ವರ್ಷ ಶೆಲೊಮೊ ಸೆಲಿಂಜರ್ ಅವರ ಸ್ಮಾರಕಶಿಲ್ಪ ಅಂಗಳದ ಬಾಯಲ್ಲಿ ನಿಂತಿತು. 2001ರಲ್ಲಿ ಉಳಿದ ಕಟ್ಟಡಕ್ಕೆ ಐತಿಹಾಸಿಕ ಸ್ಮಾರಕದ ರಕ್ಷಣೆ ಸಿಕ್ಕಿತು. 2012ರಲ್ಲಿ ಎದುರುಗಡೆ ಸ್ಮಾರಕ ಭವನ ತೆರೆಯಿತು. ಲಾಳದ ಮನೆಗಳಲ್ಲಿ ಈಗಲೂ ಜನ ವಾಸವಿದ್ದಾರೆ.

2009ರಲ್ಲಿ ಕಿಟಕಿ ಚೌಕಟ್ಟು ಬದಲಿಸುವಾಗ ಬಂಧಿತರು ಗೀಚಿದ ಬರಹಗಳು ಪ್ಲಾಸ್ಟರ್ ಬಿಲ್ಲೆಗಳ ಮೇಲೆ ಸಿಕ್ಕವು. ಹಳೆಯ ಕಟ್ಟಡದ ಕಿಟಕಿ ಕೀಳುವಾಗ ಸುತ್ತಿಗೆಗಿಂತ ಮೊದಲು ಟಾರ್ಚ್ ಹಿಡಿ ಅಂತ ನಿನ್ನ ಹುಡುಗರಿಗೆ ಹೇಳು. ಬಿಲ್ಲೆಯನ್ನು ಒಡೆಯದೆ, ಅಂಚಿನ ಗಾರೆ ಮಾತ್ರ ಕೊಯ್ದು ಬಿಡಿಸಲಿ.

ಸಾಕು, ಇಷ್ಟುದ್ದ ಯಾರು ಓದುತ್ತಾರೆ ಅಂತ ನೀನು ಕೇಳುವೆ. ಶನಿವಾರ ಬಾ. ಬೆಂಚು ಖಾಲಿ ಇರುತ್ತದೆ, ಎರಡನೇ ಪ್ಲೇಟು ನಿನ್ನದೇ, ರಂಗನ ವಿಷಯ ಮಾತ್ರ ಎತ್ತಬೇಡ.

ನಿನ್ನ,
ಹಿಂದಿನ ಬೆಂಚಿನವನು