ಹೆಸರು ಹೇಳದ ಸೂಪರ್‌ವೈಸರ್ ಅಕ್ಕನಿಗೆ

ಹೊಸದಾಗಿ ಸೂಪರ್‌ವೈಸರ್ ಆದವರಿಗೆ ನೀವು ಕೊಟ್ಟ ಸಲಹೆಗಳಿಗೆ ಈ ನಾಲ್ಕು ಮಾತು. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು ಸೂಪರ್‌ವೈಸರ್ ಆದರೆ ಕೈ ಸುಮ್ಮನಿರುವುದಿಲ್ಲ. ಕಾಲರ್ ಕೂಡಿಸುವಲ್ಲಿ ಬಂಡಲ್ ರಾಶಿ ಬಿತ್ತೋ, ತಾವೇ ಮಷಿನ್‌ಗೆ ಕೂತುಬಿಡುತ್ತಾರೆ. ಅಷ್ಟರಲ್ಲಿ ತೋಳಿನ ಹೊಲಿಗೆಯಲ್ಲಿ ದಾರದ ಟೆನ್ಷನ್ ಕೆಟ್ಟು ಅರ್ಧ ಗಂಟೆಯ ಪೀಸೆಲ್ಲ ಆಲ್ಟರೇಷನ್‌ಗೆ, ಅಂದರೆ ಬಿಚ್ಚಿ ಮತ್ತೆ ಹೊಲಿಯೋಕೆ!

ನೀವು ಹೇಳಿಕೊಟ್ಟ ಲೆಕ್ಕ ಎಷ್ಟು ಸಲೀಸು: ಗಂಟೆಗೆ 100 ಶರ್ಟ್ ಬೇಕಾದರೆ ಯಾವ ಆಪರೇಷನ್ನೂ (ಹೊಲಿಗೆಯ ಒಂದೊಂದು ಹಂತ) ಪೀಸಿಗೆ 36 ಸೆಕೆಂಡ್ ದಾಟಬಾರದು, ಕಾಲರ್‌ಗೆ 50 ಹಿಡಿದರೆ ಅಲ್ಲಿ ಎರಡು ಮಷಿನ್ ಹಾಕಬೇಕು. ಒಂದೇ ಪೀಸಿನ ಟೈಮ್ ನಂಬದೆ ಐದಾರರ ಸರಾಸರಿ ತೆಗೆಯಬೇಕು.

ನಿನ್ನೆವರೆಗೂ ಪಕ್ಕದಲ್ಲಿ ಕೂತಿದ್ದ ಗೆಳತಿಯ ತಪ್ಪನ್ನು ಲೈನ್ ಮಧ್ಯೆ ಕೂಗದೆ, ಹತ್ತಿರ ಹೋಗಿ ಪೀಸು ತಿರುಗಿಸಿ ತೋರಿಸಬೇಕು ಅಂದಿರಲ್ಲ, ಅದನ್ನು ಟ್ರೇನಿಂಗ್‌ನಲ್ಲಿ ಯಾರು ಹೇಳುತ್ತಾರೆ? ಹೊಸ ಸೂಪರ್‌ವೈಸರ್‌ಗಳೆಲ್ಲರ ಪರವಾಗಿ ಥ್ಯಾಂಕ್ಸ್ ಅಕ್ಕ.